ವ್ಯಕ್ತಿ ಪರಿಚಯ ಬರವಣಿಗೆ: ಮುಹಮ್ಮದ್ ಅಲಿ ಪಾಠವನ್ನು ಎರಡು ಸಲ ಮಾಡಿದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಮಾರ್ಕೋನಹಳ್ಳಿ ಜಲಾಶಯಕ್ಕೆ ಹತ್ತಿರದ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ನಾನು ಮಾಡಿದ ಒಂದು ಕನ್ನಡ ಪಾಠವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಪಾಠ ಒಂದೇ, ಮಾಡಿದ್ದು ಎರಡು ಸಲ. ಮೊದಲ ಸಲ ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಂಕಗಳು ಬಂದವು. ಪಾಠ ಮಾತ್ರ ಸೋತಿತ್ತು. ಎರಡನೆಯ ಸಲ ಸಮಯ ಮೀರಿತು, ಕಪ್ಪುಹಲಗೆ ಗೀಚುಗೀಚಾಗಿತ್ತು, ಮೌಲ್ಯಮಾಪನದ ಹಂತಕ್ಕೆ ಬರುವ ಮೊದಲೇ ಗಂಟೆ ಹೊಡೆಯಿತು. ಪತ್ರಿಕೆಗೆ ಬರೆಯಿರಿ ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ಮೊದಲ ಪಾಠದ ಯೋಜನೆಯನ್ನೇ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಅದು ನೋಡುವುದಕ್ಕೆ ಚೆನ್ನಾಗಿದೆ. ಆದರೆ ಮುಂದಿನ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗುವುದು ಎರಡನೆಯದೇ.

ವಿಷಯದ ಆಯ್ಕೆ

ಬರವಣಿಗೆಯ ಕೌಶಲದಡಿ ‘ವ್ಯಕ್ತಿ ಪರಿಚಯ’ ನನಗೆ ಬಂದಿತ್ತು. ವ್ಯಕ್ತಿ ಪರಿಚಯ ಎಂದರೆ ನಾವೆಲ್ಲ ಆರಿಸುವುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಮಾರ್ಕೋನಹಳ್ಳಿಯಲ್ಲಂತೂ ಅದು ಬಹಳ ಸುಲಭ. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಶಾಲೆಗೆ ಹತ್ತಿರದಲ್ಲೇ ಇದೆ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಊರಿನವರು ವಿಶ್ವೇಶ್ವರಯ್ಯನವರ ಹೆಸರನ್ನೂ ಸೇರಿಸದೆ ಅದರ ಮಾತೆತ್ತುವುದಿಲ್ಲ. ಆದರೆ ಶಾಲೆಯ ಕನ್ನಡ ಶಿಕ್ಷಕಿ, ನನ್ನ ಮಾರ್ಗದರ್ಶಕರು, ಮೊದಲ ದಿನವೇ ಎಚ್ಚರಿಸಿದರು: “ಅವರ ಪರಿಚಯವನ್ನು ಈ ಮಕ್ಕಳು ನಾಲ್ಕನೇ ಕ್ಲಾಸಿನಿಂದ ಬಾಯಿಪಾಠ ಮಾಡಿದ್ದಾರೆ. ನೀವು ಹಲಗೆಗೆ ತಿರುಗುವಷ್ಟರಲ್ಲಿ ಬರೆದು ಮುಗಿಸುತ್ತಾರೆ. ಗೊತ್ತಿಲ್ಲದವರನ್ನು ಕೊಡಿ.”

ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಗಂಡುಮಕ್ಕಳಿಗೆ ಕಬಡ್ಡಿ ಬಿಟ್ಟರೆ ಬೇರೆ ಮಾತಿಲ್ಲ. ಕ್ರಿಕೆಟ್ಟಿನವರನ್ನು ಕೊಟ್ಟರೆ ನನಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಹೀಗೆ ಯೋಚಿಸಿ ವೃತ್ತಿಪರ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ಮುಹಮ್ಮದ್ ಅಲಿಯವರನ್ನು ಆರಿಸಿಕೊಂಡೆ. ಇದನ್ನು ಕೇಳಿ ದೈಹಿಕ ಶಿಕ್ಷಣ ಶಿಕ್ಷಕರು ನಕ್ಕರು. “ಮೇಡಂ, ನನ್ನ ಪೀರಿಯಡ್ಡನ್ನೂ ನೀವೇ ತಗೊಂಡುಬಿಡಿ” ಎಂದರು. ಆ ಮೇಲೆ ಅವರೇ ಒಂದು ಉಪಕಾರ ಮಾಡಿದರು. ಅದು ಮುಂದೆ ಬರುತ್ತದೆ.

ಮೊದಲ ಪಾಠ

ಕಲಿಕಾ ಫಲ ಎಂದು ನಾನು ಬರೆದದ್ದು: ವ್ಯಕ್ತಿಯ ಜೀವನದ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಪರಿಚಯ ಬರೆಯುವರು. ಮೌಲ್ಯದ ಅಂಕಣದಲ್ಲಿ: ಛಲ, ಆತ್ಮವಿಶ್ವಾಸ. ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಇಸವಿ, ಬಲಕ್ಕೆ ಘಟನೆ ಬರೆಯುತ್ತ ಹೋದೆ.

1942ರ ಜನವರಿ 17ರಂದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಜನನ. ಮೊದಲ ಹೆಸರು ಕ್ಯಾಸಿಯಸ್ ಕ್ಲೇ. ಹನ್ನೆರಡನೇ ವಯಸ್ಸಿನಲ್ಲಿ ಸೈಕಲ್ ಕಳವಾಯಿತು. ಕದ್ದವನಿಗೆ ಹೊಡೆಯುತ್ತೇನೆ ಎಂದು ಕೂಗಾಡಿದ ಹುಡುಗನಿಗೆ, ಹೊಡೆಯುವ ಮೊದಲು ಹೊಡೆಯುವುದನ್ನು ಕಲಿ ಎಂದವರು ಜೋ ಮಾರ್ಟಿನ್ ಎಂಬ ಪೊಲೀಸ್. ಅವರೇ ಒಂದು ಬಾಕ್ಸಿಂಗ್ ಶಾಲೆಯನ್ನೂ ನಡೆಸುತ್ತಿದ್ದರು. ಈ ಸೈಕಲ್ ಪ್ರಸಂಗಕ್ಕೆ ಇಡೀ ತರಗತಿ ಎಚ್ಚರವಾಯಿತು. ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಅಕ್ಕಂದಿರು ಶಾಲೆಗೆ ಹೋದದ್ದನ್ನು ನೋಡಿ ಬೆಳೆದ ಮಕ್ಕಳಿಗೆ ಸೈಕಲ್ ಕಳವಾಗುವುದೆಂದರೆ ಏನೆಂದು ವಿವರಿಸಬೇಕಾಗಿರಲಿಲ್ಲ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ. ಅದೇ ವರ್ಷ ಅಕ್ಟೋಬರ್ 29ರಂದು ಟನ್ನಿ ಹನ್ಸೇಕರ್ ಎಂಬವರ ಎದುರು ಮೊದಲ ವೃತ್ತಿಪರ ಪಂದ್ಯ. 1964ರಲ್ಲಿ ಸಾನಿ ಲಿಸ್ಟನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್. ಆಗ ವಯಸ್ಸು 22. ಆ ಬೆನ್ನಿಗೇ ಹೊಸ ಹೆಸರು. 1967ರಲ್ಲಿ ವಿಯೆಟ್ನಾಂ ಯುದ್ಧದ ಕಾಲದ ಸೇನಾ ಭರ್ತಿಗೆ ನಿರಾಕರಣೆ, ಪಟ್ಟ ಹೋಯಿತು, ಐದು ವರ್ಷದ ಶಿಕ್ಷೆ. ಮೇಲ್ಮನವಿ ಇದ್ದುದರಿಂದ ಜೈಲಿಗೆ ಹೋಗಲಿಲ್ಲ, ಆದರೆ ಮೂರೂವರೆ ವರ್ಷ ರಿಂಗಿಗೆ ಇಳಿಯಲಾಗಲಿಲ್ಲ. 1971ರಲ್ಲಿ ಜೋ ಫ್ರೇಜರ್ ಎದುರು ವೃತ್ತಿಯ ಮೊದಲ ಸೋಲು. ಅದೇ ವರ್ಷ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. 1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾದಲ್ಲಿ, ಅದುವರೆಗೆ ಒಂದೂ ಪಂದ್ಯ ಸೋಲದಿದ್ದ ಜಾರ್ಜ್ ಫೋರ್‌ಮನ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಎರಡನೇ ಸಲ ಪಟ್ಟ. 1978ರ ಸೆಪ್ಟೆಂಬರ್ 15ರಂದು ಲಿಯಾನ್ ಸ್ಪಿಂಕ್ಸ್ ಎದುರು ಗೆದ್ದು ಮೂರನೇ ಸಲ. ಹೆವಿವೇಟ್ ಪಟ್ಟವನ್ನು ಮೂರು ಸಲ ಗೆದ್ದ ಮೊದಲಿಗರು ಅವರೇ.

ಅಲ್ಲಿ ಗೆರೆ ಎಳೆದೆ. ಸಾಧನೆ ಮುಗಿಯಿತು, ಪಾಠವೂ ಮುಗಿಯಿತು. ಗೋಡೆಗೆ ಒಂದು ಚಾರ್ಟು ಅಂಟಿಸಿದ್ದೆ: ಅಲಿಯವರ ಆರು ಚಿತ್ರಗಳು. ಆರನೆಯದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಿಳಿ ಉಡುಪಿನಲ್ಲಿ ಜ್ಯೋತಿ ಹಿಡಿದದ್ದು. ಪಾಠದಲ್ಲಿ ಆ ಇಸವಿ ಇರಲಿಲ್ಲ. ಚಿತ್ರ ಚೆನ್ನಾಗಿತ್ತು, ಹಾಕಿದ್ದೆ, ಅಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ಬೇರೆ ಫೋಟೋದಾಗೆಲ್ಲ ಬಾಯಿ ಬಿಟ್ಕೊಂಡು ಕೂಗ್ತಾ ಅವ್ರೆ. ಕೊನೇದ್ರಾಗೆ ಮಾತ್ರ ಮುಖ ಯಾಕೆ ಹಂಗೈತೆ? ನಗೂ ಇಲ್ಲ, ಸಿಟ್ಟೂ ಇಲ್ಲ.”

“ವಯಸ್ಸಾಗಿತ್ತಲ್ಲ” ಎಂದೆ.

ಅವಳು ನನ್ನ ಹಲಗೆಯನ್ನೇ ನೋಡಿ ಲೆಕ್ಕ ಹಾಕಿದಳು. 1996ರಲ್ಲಿ 1942 ಕಳೆದರೆ 54. “ಐವತ್ನಾಲ್ಕು ವಯಸ್ಸೇನ್ ಮಿಸ್? ನಮ್ಮ ತಾತಂಗೆ ಎಪ್ಪತ್ತಾತು, ಇನ್ನೂ ತೆಂಗಿನ್ ತೋಟದಾಗೆ ಮಾತಾಡ್ಕೊಂಡು ಓಡಾಡ್ತೈತೆ.”

ನಾನು ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ: “ಅದು ನಮ್ಮ ಪಾಠಕ್ಕೆ ಬರುವುದಿಲ್ಲ, ಕೂತ್ಕೊ.”

ಸಹಪಾಠಿ ವೀಕ್ಷಕಿ ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ’ಗೆ ಪೂರ್ಣ ಅಂಕ ಕೊಟ್ಟಳು. ಆ ರಾತ್ರಿ ನನ್ನ ಚಿಂತನಾ ದಿನಚರಿಯಲ್ಲಿ ನಾನು ಇನ್ನೊಂದು ಸಾಲನ್ನೂ ಬರೆದಿದ್ದೆ: ‘ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿ ಪಾಠದುದ್ದಕ್ಕೂ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದನು, ಆಸಕ್ತಿ ಕಡಿಮೆ.’ ಈ ಸಾಲಿಗೆ ಮತ್ತೆ ಬರುತ್ತೇನೆ.

ಮಕ್ಕಳು ಬರೆದ ಮೂವತ್ತೊಂದು ಪರಿಚಯಗಳಲ್ಲಿ ಇಸವಿಗಳು ಬಹುತೇಕ ಸರಿಯಿದ್ದವು. ಕೊನೆಯ ವಾಕ್ಯ ಇಪ್ಪತ್ತಕ್ಕಿಂತ ಹೆಚ್ಚು ಕಡೆ ಒಂದೇ: ‘ಇವರು ನಮಗೆಲ್ಲ ಆದರ್ಶ.’ ಮಾರ್ಗದರ್ಶಕರು ಪುಸ್ತಕಗಳನ್ನು ತಿರುವಿ ಹೇಳಿದರು, “ಹೆಸರು ಮುಚ್ಚಿ ಓದಿ. ವಿಶ್ವೇಶ್ವರಯ್ಯನವರಿಗೂ ಇದೇ ವಾಕ್ಯ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುವ ಪಾಠ ಇನ್ನೊಂದು ಮಾಡಿ. ನನ್ನ ಗುರುವಾರದ ಪೀರಿಯಡ್ ತಗೊಳ್ಳಿ.”

ಬಿಟ್ಟುಹೋಗಿದ್ದ ಭಾಗ

ನಾನು ಗೆರೆ ಎಳೆದ ಮೇಲೆ ಅಲಿಯವರ ವೃತ್ತಿಜೀವನದಲ್ಲಿ ಎರಡು ಪಂದ್ಯಗಳಿವೆ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು. 1981ರ ಡಿಸೆಂಬರ್ 11ರಂದು ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು. ಎರಡರಲ್ಲೂ ಸೋಲು. ಒಟ್ಟು 61 ಪಂದ್ಯ, 56 ಗೆಲುವು, 5 ಸೋಲು ಎಂಬ ಲೆಕ್ಕದಲ್ಲಿ ಈ ಎರಡೂ ಸೇರಿವೆ. ನನ್ನ ಹಲಗೆಯಲ್ಲಿ ಸೇರಿರಲಿಲ್ಲ. 1984ರಲ್ಲಿ, 42ನೇ ವಯಸ್ಸಿನಲ್ಲಿ, ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ವೈದ್ಯರು ಹೇಳಿದರು. ಕೈ ನಡುಗುವುದು, ನಡಿಗೆ ನಿಧಾನವಾಗುವುದು, ದನಿ ತಗ್ಗುವುದು, ಮುಖದ ಸ್ನಾಯುಗಳು ಬಿಗಿದು ಭಾವನೆ ಕಾಣದಂತಾಗುವುದು ಅದರ ಲಕ್ಷಣಗಳು. ಹುಡುಗಿ ಕಂಡದ್ದು ಅದನ್ನೇ. ರಿಂಗಿನ ಪೆಟ್ಟುಗಳೇ ಕಾಯಿಲೆಗೆ ಏಕೈಕ ಕಾರಣ ಎಂದು ಮಕ್ಕಳಿಗೆ ಹೇಳಬಾರದು, ಅದು ಹಾಗೆ ಸಾಬೀತಾದ ಮಾತಲ್ಲ. ತಲೆಗೆ ಮತ್ತೆಮತ್ತೆ ಬೀಳುವ ಪೆಟ್ಟು ಮಿದುಳಿಗೆ ಹಾನಿ ಮಾಡುತ್ತದೆ, ಇಂಥ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ ಎನ್ನಬಹುದು. ಅವರು ತೀರಿಕೊಂಡದ್ದು 2016ರ ಜೂನ್ 3ರಂದು, 74ನೇ ವಯಸ್ಸಿನಲ್ಲಿ. ಮೂವತ್ತೆರಡು ವರ್ಷ ಆ ಕಾಯಿಲೆಯ ಜೊತೆ ಬದುಕಿದರು.

ಈ ಭಾಗವನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಹೊಳೆಯಿತು. ಈ ವೃತ್ತಿಜೀವನದ ಮುಖ್ಯ ತಿರುವುಗಳಲ್ಲಿ ಹೊಡೆದವರು ಯಾರು, ಬಿದ್ದವರು ಯಾರು ಎನ್ನುವಷ್ಟೇ ಮುಖ್ಯವಾಗಿ ಇನ್ನೊಂದು ಪ್ರಶ್ನೆ ಇದೆ: ಹಗ್ಗದ ಹೊರಗೆ ನಿಂತವರು ‘ಸಾಕು’ ಎಂದರೋ ‘ಹೋಗು’ ಎಂದರೋ? ಬಾಕ್ಸಿಂಗ್‌ನಲ್ಲಿ ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷ ವಿರಾಮ. ಆ ಒಂದು ನಿಮಿಷ ಬಾಕ್ಸರ್ ತನ್ನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುತ್ತಾನೆ. ತರಬೇತುದಾರ, ಸಹಾಯಕರು ಗಾಯ ಒರೆಸಿ ನೀರು ಕೊಟ್ಟು ಮಾತಾಡುತ್ತಾರೆ. ಪಂದ್ಯವನ್ನು ನಿಲ್ಲಿಸಿಬಿಡಿ ಎಂದು ರೆಫರಿಗೆ ಹೇಳುವ ಹಕ್ಕು ಆ ಮೂಲೆಯವರಿಗಿದೆ. ಈ ಒಂದು ನಿಮಿಷವನ್ನೇ ಪಾಠ ಮಾಡಬಹುದು ಅನ್ನಿಸಿತು.

ದೈಹಿಕ ಶಿಕ್ಷಣ ಶಿಕ್ಷಕರ ಉಪಕಾರ ಇಲ್ಲಿ ಬಂತು. ನಾಕೌಟ್ ದೃಶ್ಯಗಳನ್ನು ಮೊಬೈಲಿನಲ್ಲಿ ತೋರಿಸುವ ಯೋಚನೆ ನನಗಿತ್ತು. ಅವರು ಬೇಡವೆಂದರು. “ಅದು ತೋರಿಸಿದ್ರೆ ಪಾಠ ಅಲ್ಲಿಗೆ ಮುಗೀತು. ಊಟದ ಬೆಲ್ಲಿನಲ್ಲಿ ಇವರೇ ಅಲಿ, ಇವರೇ ಫೋರ್‌ಮನ್.” ಬದಲಿಗೆ ಒಂದು ಸ್ಟೂಲು, ಒಂದು ಟವೆಲ್, ಒಂದು ವಿಸಲ್ ಕೊಟ್ಟರು. ನನ್ನ ಬೋಧನೋಪಕರಣಗಳು ಅಷ್ಟೇ.

ಎರಡನೆಯ ಪಾಠ: ನಾಲ್ಕು ಚೀಟಿಗಳು

ತರಗತಿಯನ್ನು ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿಗೆ ಒಂದು ಚೀಟಿ ಕೊಟ್ಟೆ. ಪ್ರತಿ ಚೀಟಿಯೂ ನಿರ್ಧಾರದ ಹೊಸ್ತಿಲಲ್ಲಿ ನಿಲ್ಲುತ್ತದೆ. ಗುಂಪು ಐದು ನಿಮಿಷ ಚರ್ಚಿಸಿ ಒಬ್ಬರನ್ನು ಸ್ಟೂಲಿನ ಬಳಿಗೆ ಕಳಿಸಬೇಕು. ಅವರು ಟವೆಲ್ ಎಸೆಯಬೇಕು ಅಥವಾ ವಿಸಲ್ ಊದಿ ಮುಂದಿನ ಸುತ್ತಿಗೆ ಕಳಿಸಬೇಕು, ಕಾರಣ ಹೇಳಬೇಕು. ಆ ಮೇಲೆ ನಿಜವಾಗಿ ನಡೆದದ್ದನ್ನು ನಾನು ಹೇಳುವುದು. ಬೇಕಾದವರು ಬಳಸಿಕೊಳ್ಳಲಿ ಎಂದು ಚೀಟಿಗಳ ಒಕ್ಕಣೆಯನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಚೀಟಿ: ‘1964, ಫೆಬ್ರವರಿ 25, ಮಿಯಾಮಿ ಬೀಚ್. ನೀವು ತರಬೇತುದಾರ ಏಂಜಲೋ ಡಂಡಿ. ನಿಮ್ಮ ಹುಡುಗನಿಗೆ 22 ವರ್ಷ. ಎದುರಾಳಿ ಲಿಸ್ಟನ್‌ಗೆ ಎಲ್ಲರೂ ಹೆದರುತ್ತಾರೆ. ನಾಲ್ಕು ಸುತ್ತು ಮುಗಿದಿದೆ. ಹುಡುಗ ಬಂದು ಕಣ್ಣು ಉರಿಯುತ್ತಿದೆ, ಏನೂ ಕಾಣುತ್ತಿಲ್ಲ, ಗ್ಲೌಸ್ ಕತ್ತರಿಸಿಬಿಡಿ ಎನ್ನುತ್ತಾನೆ.’

ಎರಡನೆಯದು: ‘1975, ಅಕ್ಟೋಬರ್ 1, ಫಿಲಿಪೈನ್ಸ್‌ನ ಮನಿಲಾ. ನೀವು ಅಲಿಯ ಕಡೆಯವರಲ್ಲ, ಎದುರಾಳಿ ಜೋ ಫ್ರೇಜರ್‌ನ ತರಬೇತುದಾರ ಎಡ್ಡಿ ಫಚ್. ವಿಪರೀತ ಸೆಕೆ. 15 ಸುತ್ತಿನಲ್ಲಿ 14 ಮುಗಿದಿವೆ. ನಿಮ್ಮವನ ಮುಖ ಊದಿದೆ, ಬರುವ ಪೆಟ್ಟು ಅವನಿಗೆ ಕಾಣುತ್ತಿಲ್ಲ. ಆದರೂ ಉಳಿದದ್ದು ಮೂರೇ ನಿಮಿಷ, ನಾನು ಹೋಗುತ್ತೇನೆ ಎನ್ನುತ್ತಾನೆ.’

ಮೂರನೆಯದು: ‘1977. ನೀವು ಅಲಿಯ ತಂಡದ ವೈದ್ಯ ಫರ್ಡಿ ಪಚೆಕೊ. ಅರ್ನಿ ಶೇವರ್ಸ್ ಎಂಬ ಭಾರೀ ಹೊಡೆತಗಾರನ ಎದುರು ಅಲಿ 15 ಸುತ್ತು ಆಡಿ ಗೆದ್ದಿದ್ದಾರೆ. ಪ್ರಯೋಗಾಲಯದ ವರದಿ ಅವರ ಮೂತ್ರಪಿಂಡಗಳು ಹಾಳಾಗುತ್ತಿವೆ ಎನ್ನುತ್ತದೆ. ನೀವು ಅಲಿಗೂ ಅವರ ಹತ್ತಿರದವರಿಗೂ ಪತ್ರ ಬರೆದಿರಿ. ಯಾರೂ ಉತ್ತರ ಕೊಡಲಿಲ್ಲ.’ (ಈ ಗುಂಪಿಗೆ ಟವೆಲ್ ಇಲ್ಲ, ಏನು ಮಾಡುತ್ತೀರಿ ಎಂದಷ್ಟೇ ಹೇಳಬೇಕು.)

ನಾಲ್ಕನೆಯದು: ‘1980, ಅಕ್ಟೋಬರ್ 2. ಅಲಿಗೆ 38. ತೂಕ ಇಳಿಸಿ, ಕೂದಲಿಗೆ ಬಣ್ಣ ಹಾಕಿ ಬಂದಿದ್ದಾರೆ. ಎದುರಾಳಿ ಹೋಮ್ಸ್ ಹಿಂದೆ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದವನು. ಹತ್ತು ಸುತ್ತು ಮುಗಿದಿವೆ, ಒಂದನ್ನೂ ಅಲಿ ಗೆದ್ದಿಲ್ಲ. ಅಲಿ ಏನೂ ಹೇಳುತ್ತಿಲ್ಲ. ಸಹಾಯಕ ಬುಂಡಿನಿ ಬ್ರೌನ್ ಇನ್ನೊಂದೇ ಒಂದು ಸುತ್ತು ಎಂದು ಅಂಗಲಾಚುತ್ತಿದ್ದಾನೆ. ನೀವು ಮತ್ತೆ ಡಂಡಿ.’

ಮೊದಲ ಗುಂಪು ಟವೆಲ್ ಎಸೆಯಿತು. ಕಣ್ಣು ಕಾಣದವನನ್ನು ಹೇಗೆ ಕಳಿಸುವುದು? ಇಡೀ ತರಗತಿ ಒಪ್ಪಿತು. ನಡೆದದ್ದು ಬೇರೆ. ಲಿಸ್ಟನ್ ಮೈಗೆ ಹಚ್ಚಿದ್ದ ಯಾವುದೋ ಔಷಧ ಕಣ್ಣಿಗೆ ತಗುಲಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಡಂಡಿ ಸ್ಪಂಜಿನಿಂದ ಕಣ್ಣು ತೊಳೆದು, ದೂರ ಓಡುತ್ತಿರು ಎಂದು ಹುಡುಗನನ್ನು ರಿಂಗಿಗೆ ತಳ್ಳಿದರು. ಐದನೇ ಸುತ್ತನ್ನು ಅವನು ತಪ್ಪಿಸಿಕೊಂಡೇ ಕಳೆದ, ಕಣ್ಣು ತಿಳಿಯಾಯಿತು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲಿನಿಂದ ಏಳಲೇ ಇಲ್ಲ. ಅಂದು ಟವೆಲ್ ಬಿದ್ದಿದ್ದರೆ ಆ ರಾತ್ರಿಯ ಪಟ್ಟ ಇರುತ್ತಿರಲಿಲ್ಲ. “ಹಂಗಾರೆ ನಾವು ತಪ್ಪಾ ಮಿಸ್?” ಎಂದರು. ನಾನು ಉತ್ತರ ಕೊಡಲಿಲ್ಲ. ಎರಡನೆಯ ಗುಂಪನ್ನು ಕರೆದೆ. ಮೊದಲನೆಯದನ್ನು ಕೇಳಿದ್ದ ಅವರು ಠಕ್ಕನೆ ವಿಸಲ್ ಊದಿದರು!

ಆದರೆ ಮನಿಲಾದಲ್ಲಿ ಎಡ್ಡಿ ಫಚ್ ತಮ್ಮವನನ್ನು ಸ್ಟೂಲಿನಿಂದ ಏಳಲು ಬಿಡಲಿಲ್ಲ. ಫ್ರೇಜರ್ ಎಷ್ಟು ಬೇಡಿಕೊಂಡರೂ ಪಂದ್ಯ ನಿಲ್ಲಿಸಿದರು. ಮೂರೇ ನಿಮಿಷ ಉಳಿದಿತ್ತು, ಪಟ್ಟ ಕೈತಪ್ಪಿತು. ಅಲಿ ಕೂಡ ಆ ಹೊತ್ತಿಗೆ ಪೂರ್ತಿ ಬಸವಳಿದಿದ್ದರು. ಹದಿನೈದನೇ ಸುತ್ತು ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬ ವಾದ ಇನ್ನೂ ಮುಗಿದಿಲ್ಲ. ತರಗತಿಯಲ್ಲಿಯೂ ಮುಗಿಯಲಿಲ್ಲ. ಹುಡುಗರಲ್ಲಿ ಬಹಳ ಜನ ಫಚ್ ಮೋಸ ಮಾಡಿದ ಎಂದರು. ಅವರು ರಿಂಗಿನಲ್ಲಿ ಸಾವು ಕಂಡವರು ಎಂದು ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಜೊತೆಗೆ ಇನ್ನೊಂದು ಸಂಗತಿಯನ್ನೂ ಸೇರಿಸಿದೆ: 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಎಂಬ ಬಾಕ್ಸರ್ ಮಿದುಳಿನ ಗಾಯದಿಂದ ಕೆಲವು ದಿನಗಳಲ್ಲಿ ತೀರಿಕೊಂಡರು. ಆ ಬಳಿಕವೇ ವಿಶ್ವ ಪಟ್ಟದ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದವು.

ಮೂರನೆಯ ಗುಂಪು ಬಹಳ ಹೊತ್ತು ತೆಗೆದುಕೊಂಡಿತು. ಮುಖದ ಬಗ್ಗೆ ಕೇಳಿದ್ದ ಹುಡುಗಿ ಇದ್ದದ್ದು ಇದರಲ್ಲೇ. ಪತ್ರಕ್ಕೆ ಉತ್ತರ ಬರದಿದ್ದರೆ ಅವರ ಮನೆಗೇ ಹೋಗುತ್ತೇವೆ ಎಂದರು. ಅವರ ಅಮ್ಮನಿಗೆ ಹೇಳುತ್ತೇವೆ ಎಂದರು. ಪಚೆಕೊ ತಂಡವನ್ನೇ ಬಿಟ್ಟು ಹೋದರು ಎಂದಾಗ ಆ ಹುಡುಗಿಗೆ ಸಮಾಧಾನವಾಗಲಿಲ್ಲ. “ಡಾಕ್ಟ್ರೇ ಬಿಟ್ಟೋದ್ರೆ ಉಳಿದೋರು ಯಾರು?” ಈ ಪ್ರಶ್ನೆಯನ್ನು ನನ್ನ ಯೋಜನೆಯಲ್ಲಿ ಯಾವ ಹಂತದಲ್ಲೂ ನಿರೀಕ್ಷಿಸಿರಲಿಲ್ಲ.

ಈ ನಡುವೆ ಅಣೆಕಟ್ಟಿನ ಹತ್ತಿರ ಮನೆಯಿರುವ ಒಬ್ಬ ಹುಡುಗ ಕೈಯೆತ್ತಿದ. “ಮಿಸ್, ನಮ್ ಡ್ಯಾಮಿಗೆ ಸೈಫನ್ ಐತೆ. ನೀರು ತುಂಬಿದ್ರೆ ಯಾರೂ ಗೇಟ್ ಎತ್ತೋದು ಬೇಡ, ಅದೇ ಬಿಡ್ತೈತೆ. ಬಾಕ್ಸಿಂಗ್ನಾಗೆ ಹಂಗೇನೂ ಇಲ್ವಾ?” ಮಾರ್ಕೋನಹಳ್ಳಿಯ ಸ್ವಯಂಚಾಲಿತ ಸೈಫನ್ ಅಲ್ಲಿನ ಮಕ್ಕಳಿಗೆ ನೋಡಿ ಗೊತ್ತು. ಹಲಗೆಗೆ ಬಂದು ಬರೆದು ತೋರಿಸು ಎಂದೆ. ಬಾಗಿದ ಕೊಳವೆಯೊಂದನ್ನು ಬರೆದ. ನೀರು ಪೂರ್ಣಮಟ್ಟ ಮುಟ್ಟಿ ಕೊಳವೆಯ ಡುಬ್ಬ ದಾಟಿದಾಗ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಆ ಮೇಲೆ ಕೊಳವೆ ತುಂಬಿ ರಭಸದಿಂದ ಹರಿಯುತ್ತದೆ. ಮಟ್ಟ ಇಳಿದು ಗಾಳಿ ಒಳಗೆ ನುಗ್ಗಿದರೆ ತಾನೇ ನಿಲ್ಲುತ್ತದೆ. ಬಾಯಲ್ಲಿ ಹೇಳಿದ್ದು ಇದನ್ನೇ, ಹೆಚ್ಚುಕಡಿಮೆ ಸರಿಯಾಗಿ. ವಿಜ್ಞಾನದ ಪ್ರಶಿಕ್ಷಣಾರ್ಥಿ ಯಾರಾದರೂ ಇದ್ದಿದ್ದರೆ ಆ ದಿನದ ಪಾಠವನ್ನು ನನ್ನಿಂದ ಕಿತ್ತುಕೊಳ್ಳುತ್ತಿದ್ದರು.

ಅವನ ಪ್ರಶ್ನೆಯಿಂದ ಹಲಗೆಯ ಮೇಲೆ ಎರಡು ಪಟ್ಟಿಗಳಾದವು. ತಾನಾಗಿ ನಿಲ್ಲಿಸುವವು: ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋಲು, ಸುತ್ತುಗಳ ಮಿತಿ, ಗಂಟೆ. ಯಾರಾದರೂ ಮನಸ್ಸು ಮಾಡಿ ನಿಲ್ಲಿಸಬೇಕಾದವು: ರೆಫರಿ, ವೈದ್ಯ, ಮೂಲೆ. ಎರಡನೆಯ ಪಟ್ಟಿಯ ಕೆಳಗೆ ಒಬ್ಬಳು ಬಂದು ‘ಅವನೇ’ ಎಂದು ಬರೆದಳು. ಇನ್ನೊಬ್ಬ ಎದ್ದು ಬಂದು ಅದನ್ನು ಒರೆಸಿದ. “ಅವನು ಯಾವತ್ತೂ ಸಾಕು ಅನ್ನಲ್ಲ. ಅಂದ್ರೆ ಹೆದ್ರಿದ ಅಂತಾರೆ.”

ಒರೆಸಿದವನು ಹಿಂದಿನ ಬೆಂಚಿನವನು. ಮೊದಲ ಪಾಠದಲ್ಲಿ ತಲೆಯಿಟ್ಟು ಮಲಗಿದ್ದವನು.

ನಾಲ್ಕನೆಯ ಗುಂಪು

ಅವನೇ ನಾಲ್ಕನೆಯ ಗುಂಪಿನಿಂದ ಸ್ಟೂಲಿನ ಬಳಿಗೆ ಬಂದ. ವಿಸಲ್ ಊದಿದ. ಕಾರಣ ಕೇಳಿದೆ. “ಜನ ದುಡ್ಡು ಕೊಟ್ಟು ಬಂದವ್ರೆ. ಮೂರು ಸಲ ಚಾಂಪಿಯನ್. ಇನ್ನೊಂದು ಸುತ್ತಿನಾಗೆ ಏನು ಬೇಕಾದ್ರೂ ಆಗ್ಬೋದು.” ಬುಂಡಿನಿ ಬ್ರೌನ್‌ನ ವಾದವೂ ಹೆಚ್ಚುಕಡಿಮೆ ಅದೇ. ಆ ಪಂದ್ಯಕ್ಕೆ ಅಲಿಯವರಿಗೆ ಒಪ್ಪಂದವಾಗಿದ್ದ ಮೊತ್ತ 80 ಲಕ್ಷ ಡಾಲರ್. ನಾಲ್ಕನೇ ಸಲ ಪಟ್ಟ ಗೆಲ್ಲುವ ಆಸೆ ಬೇರೆ. ಅದೇ ವರ್ಷದ ಜನವರಿಯಲ್ಲಿ ಅಲಿ ದೆಹಲಿಗೆ ಬಂದು ನಮ್ಮ ಸೇನೆಯ ಹೆವಿವೇಟ್ ಬಾಕ್ಸರ್ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದರು. ಆಗ ಅವರು ನಿವೃತ್ತರು. ಹಾಗೇ ಉಳಿದಿದ್ದರೆ ಎಂದು ನಾನು ಹೇಳುತ್ತಿದ್ದೆ.

ಅಷ್ಟರಲ್ಲಿ ಅವನ ಪಕ್ಕದ ಹುಡುಗ, ತಮಾಷೆಗೋ ಸಿಟ್ಟಿಗೋ ನನಗೆ ಗೊತ್ತಾಗಲಿಲ್ಲ, ಅಂದುಬಿಟ್ಟ: “ಅವತ್ತು ನಿಂಗೂ ಹಿಂಗೇ ಅಂದಿದ್ದು. ಇನ್ನೊಂದು ರೈಡ್, ಇನ್ನೊಂದು ರೈಡ್.”

ತರಗತಿ ಸುಮ್ಮನಾಯಿತು. ಬಿಡಿಸಿ ಕೇಳಿದಾಗ ಹೊರಬಂದದ್ದು ಇಷ್ಟು. ಹತ್ತು ದಿನದ ಹಿಂದೆ ಪಕ್ಕದ ಊರಲ್ಲಿ ರಾತ್ರಿ ದೀಪದ ಬೆಳಕಿನ ಕಬಡ್ಡಿ ಪಂದ್ಯ. ಇವನು ರೈಡರ್. ಹಿಡಿಯುವಾಗ ತಲೆ ಮೊದಲಾಗಿ ನೆಲಕ್ಕೆ ಬಿದ್ದ. ಸ್ವಲ್ಪ ಹೊತ್ತು ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಮುಖಕ್ಕೆ ನೀರು ಹಾಕಿ ಎಬ್ಬಿಸಿದರು, ಮತ್ತೆ ಇಳಿಸಿದರು, ಮತ್ತೆರಡು ರೈಡ್ ಮಾಡಿದ, ತಂಡ ಗೆದ್ದಿತು. ಮರುದಿನ ಎರಡು ಸಲ ವಾಂತಿ. ಅಂದಿನಿಂದ ತಲೆನೋವು. ಮನೆಯಲ್ಲಿ ಹೇಳಿಲ್ಲ. ನನ್ನ ದಿನಚರಿಯ ಪ್ರಕಾರ ಅವನಿಗೆ ಆಸಕ್ತಿ ಕಡಿಮೆ.

ಡಂಡಿ ಏನು ಮಾಡಿದರು ಎಂದು ನಾನು ಹೇಳಲೇಬೇಕಿತ್ತು; ಎಲ್ಲರೂ ಅದನ್ನೇ ಕಾಯುತ್ತಿದ್ದರು. ಡಂಡಿ ರೆಫರಿಗೆ ಮುಗಿಸಿಬಿಡಿ ಎಂದರು. ಬ್ರೌನ್ ಅವರನ್ನು ಹಿಡಿದು ಎಳೆದರೂ ಕೇಳಲಿಲ್ಲ. ಅಲಿಯವರ ಇಡೀ ವೃತ್ತಿಯಲ್ಲಿ ಪಂದ್ಯ ಹೀಗೆ ನಡುವೆ ನಿಂತು ಸೋತದ್ದು ಅದೊಂದೇ. ಹದಿನಾರು ವರ್ಷದ ಹಿಂದೆ ಕಣ್ಣು ಕಾಣದವನನ್ನು ರಿಂಗಿಗೆ ತಳ್ಳಿದ್ದೂ ಇದೇ ಮನುಷ್ಯ. ಗಂಟೆ ಹೊಡೆಯಿತು.

ಮಾರ್ಗದರ್ಶಕರು ಅದೇ ಮಧ್ಯಾಹ್ನ ಹುಡುಗನ ತಾಯಿಯನ್ನು ಕರೆಸಿ, ದೈಹಿಕ ಶಿಕ್ಷಣ ಶಿಕ್ಷಕರನ್ನೂ ಜೊತೆಮಾಡಿ ಕುಣಿಗಲ್‌ಗೆ ವೈದ್ಯರ ಬಳಿ ಕಳಿಸಿದರು. ಗಾಬರಿಯಾಗುವಂಥದ್ದೇನೂ ಸಿಗಲಿಲ್ಲ. ಆದರೆ ತಲೆಬುರುಡೆಯೊಳಗೆ ಮಿದುಳು ಅಲುಗಿದ ಪೆಟ್ಟು ಇದು, ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಬಹಳ ಅಪಾಯ, ತಾವು ಮತ್ತೆ ನೋಡಿ ಹೇಳುವವರೆಗೆ ಆಟ ಬೇಡ ಎಂದರು ವೈದ್ಯರು. ಇದರಿಂದ ತಾಲ್ಲೂಕು ಮಟ್ಟದ ಪಂದ್ಯ ಅವನಿಗೆ ತಪ್ಪಿತು. ನನ್ನ ಅವಧಿ ಮುಗಿಯುವವರೆಗೂ ಅವನು ನನ್ನೊಂದಿಗೆ ಮಾತಾಡಲಿಲ್ಲ. ಪಾಠದಿಂದ ಒಳ್ಳೆಯದಾಯಿತು ಎಂದು ಉಪನ್ಯಾಸಕರು ಸಮಾಲೋಚನೆಯಲ್ಲಿ ಹೇಳಿದರು. ನನಗೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಮಕ್ಕಳ ಎದುರಿಗೆ ಅವನ ಗುಟ್ಟು ಬಯಲಾದದ್ದು ನಾನು ಇಟ್ಟ ಸ್ಟೂಲಿನ ಪಕ್ಕದಲ್ಲಿ. ಇಂಥ ಚಟುವಟಿಕೆ ಮಾಡುವವರು ಪಾಠಕ್ಕೆ ಮುಂಚೆಯೇ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಮಕ್ಕಳ ಗಾಯಗಳ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾನು ಅವರಿಂದ ಟವೆಲ್ ಮಾತ್ರ ಕೇಳಿದ್ದೆ.

ಬರವಣಿಗೆಯ ಬಗ್ಗೆ

ಎರಡನೆಯ ಪಾಠದ ಮೌಲ್ಯಮಾಪನವನ್ನು ಮನೆಗೆಲಸವಾಗಿ ಕೊಟ್ಟೆ: ಈ ಪಾಠದಲ್ಲಿ ಬಂದ ಯಾರನ್ನಾದರೂ ಒಂದು ಪುಟದಲ್ಲಿ ಪರಿಚಯಿಸಿ, ‘ಆದರ್ಶ’ ಎಂಬ ಪದ ಬಳಸಬೇಡಿ, ಕೇಳಿದ್ದು ಯಾವುದು, ಖಚಿತವಾದದ್ದು ಯಾವುದು ಎಂದು ತೋರಿಸಿ. ಕೊನೆಯ ಸೂಚನೆಗೆ ಒಲಿಂಪಿಕ್ ಪದಕದ ಕಥೆ ನೆರವಾಯಿತು. ಬಿಳಿಯರ ಹೋಟೆಲಿನಲ್ಲಿ ಊಟ ಕೊಡಲಿಲ್ಲವೆಂದು ಅಲಿ ಚಿನ್ನದ ಪದಕವನ್ನು ಓಹಿಯೊ ನದಿಗೆ ಎಸೆದರು ಎಂದು ಅವರ ಆತ್ಮಕಥೆಯಲ್ಲಿದೆ. ಪದಕ ಕಳೆದುಹೋಗಿತ್ತಷ್ಟೇ ಎಂಬ ಮಾತೂ ಇದೆ. 1996ರಲ್ಲಿ ಅವರಿಗೆ ಬದಲಿ ಪದಕ ಕೊಟ್ಟದ್ದು ಖಚಿತ. ಲೂಯಿವಿಲ್‌ನಲ್ಲಿ ಆ ಕಾಲಕ್ಕೆ ಕರಿಯರಿಗೆ ಬಡಿಸದ ಹೋಟೆಲುಗಳಿದ್ದದ್ದೂ ಖಚಿತ. ಮಕ್ಕಳು ‘ಎಂದು ಹೇಳುತ್ತಾರೆ’ ಎಂಬ ಪದಪುಂಜವನ್ನು ಮೊದಲ ಸಲ ಅರ್ಥವರಿತು ಬಳಸಿದರು. ಕೆಲವರು ಅತಿಯಾಗಿ ಬಳಸಿದರು. ‘ಅಲಿ 1942ರಲ್ಲಿ ಹುಟ್ಟಿದರು ಎಂದು ಹೇಳುತ್ತಾರೆ’ ಎಂದೂ ಒಬ್ಬ ಬರೆದ.

ಹನ್ನೆರಡು ಮಂದಿ ಅಲಿಯವರನ್ನು, ಎಂಟು ಮಂದಿ ಡಂಡಿಯನ್ನು, ಏಳು ಮಂದಿ ಫಚ್‌ರನ್ನು ಬರೆದರು. ಮುಖದ ಬಗ್ಗೆ ಕೇಳಿದ್ದ ಹುಡುಗಿ ಪಚೆಕೊ ಕುರಿತು ಬರೆದು, ಕೊನೆಯಲ್ಲಿ ಅವರ ಮೇಲಿನ ತನ್ನ ಸಿಟ್ಟನ್ನು ಎರಡು ಸಾಲಿನಲ್ಲಿ ದಾಖಲಿಸಿದ್ದಳು. ಕಬಡ್ಡಿಯ ಹುಡುಗನ ಪುಟ ಎಲ್ಲಕ್ಕಿಂತ ತಡವಾಗಿ, ಬೇರೆಯವನ ಕೈಯಲ್ಲಿ ಬಂತು. ಅವನು ಬರೆದದ್ದು ಬುಂಡಿನಿ ಬ್ರೌನ್ ಬಗ್ಗೆ. ಇನ್ನೊಂದು ಸುತ್ತು ಎಂದವನಿಗೂ ಅಲಿಯ ಮೇಲೆ ಪ್ರೀತಿಯೇ ಇತ್ತು, ಅವನಿಗೆ ಅಲಿ ಸೋಲುವುದು ನೋಡಲು ಆಗುತ್ತಿರಲಿಲ್ಲ, ಅದಕ್ಕೇ ಅವನಿಗೆ ಅಲಿಯ ಮುಖ ಕಾಣಲಿಲ್ಲ ಎಂದಿತ್ತು. ಪುಟದಲ್ಲಿ ಇಸವಿ ಒಂದೂ ಇರಲಿಲ್ಲ, ಒತ್ತಕ್ಷರ ಐದು ಕಡೆ ತಪ್ಪು. ಹತ್ತಕ್ಕೆ ಆರು ಕೊಟ್ಟೆ. ಮಾರ್ಗದರ್ಶಕರು ಅದನ್ನು ಹೊಡೆದು ಎಂಟು ಮಾಡಿದರು. ಇಸವಿ ಇಲ್ಲದ ಪರಿಚಯಕ್ಕೆ ಎಂಟು ಹೆಚ್ಚಾಯಿತು ಎಂದೇ ನನಗೆ ಈಗಲೂ ಅನ್ನಿಸುತ್ತದೆ, ಏಳು ಸರಿಯಿತ್ತು.